ಹೊರಕ್ಕೆ ತಿರುಗುವ ಕೊಂಬು

ನಾವು ಮಾಡಿದ ಪ್ರಾಣಿಯ ಮುಂದೆ ನಿಂತು ಜನ ಕೇಳುವ ಮೊದಲ ಪ್ರಶ್ನೆ ಒಂದೇ: ‘ಇದು ನಿಜವಾದ್ದಾ?’ ಹೌದು ಅಂದರೆ ಸುಳ್ಳಾಗುತ್ತದೆ, ಅಲ್ಲ ಅಂದರೆ ಅವರ ಮುಖ ಬಾಡುತ್ತದೆ. ‘ಚೆನ್ನಾಗಿ ನೋಡಿ ನೀವೇ ಹೇಳಿ’ ಎಂದು ನಾನು ಜಾರಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಇನ್ಯಾರೋ ಗಾಜು ಕುಟ್ಟಿ ಫೈಬರ್ ಹುಲಿಯನ್ನು ಎಬ್ಬಿಸಲು ನೋಡುತ್ತಿದ್ದರು.

ನನ್ನ ಇಡೀ ಉದ್ಯೋಗ ನಡೆದದ್ದು ಮೈಸೂರಿನ ಒಂದು ಪ್ರಾಣಿಗಳ ಮ್ಯೂಸಿಯಂನಲ್ಲಿ. ಜೀವಂತ ಪ್ರಾಣಿಗಳಲ್ಲ, ಅವುಗಳ ಅಳತೆಗೆ ಸರಿಯಾಗಿ ಮಣ್ಣಿನಲ್ಲಿ ರೂಪ ಕೊಟ್ಟು, ಅಚ್ಚು ತೆಗೆದು, ಫೈಬರಿನಲ್ಲಿ ಎರಕ ಹೊಯ್ದು, ಬಣ್ಣ ಬಳಿದು, ಕಾಡಿನಂತೆ ಚಿತ್ರಿಸಿದ ಗೋಡೆಯ ಮುಂದೆ ನಿಲ್ಲಿಸಿದವು. ಸರ್ಕಾರದ ಕಾಗದದಲ್ಲಿ ನಾನು ಮಾದರಿ ತಯಾರಕಿ. ಶ್ರೀರಾಂಪುರದ ನಮ್ಮ ಬೀದಿಯಲ್ಲಿ ಮಾತ್ರ ‘ಬೊಂಬೆ ಮೇಡಂ’. ದಸರಾ ಹತ್ತಿರ ಬಂತೆಂದರೆ ಅಕ್ಕಪಕ್ಕದ ಹೆಂಗಸರು ಕೈ ಮುರಿದ ಪಟ್ಟದ ಬೊಂಬೆಗಳನ್ನು ಹಿಡಿದು ಬಾಗಿಲಿಗೆ ಬರುತ್ತಿದ್ದರು. ಹುಲಿ ಮಾಡುವವಳಿಗೆ ಬೊಂಬೆಯ ಕೈ ಅಂಟಿಸುವುದು ಏನು ಮಹಾ ಎಂಬ ಧೈರ್ಯ ಅವರಿಗೆ.

ಈಚೆಗೆ ಈ ಕೆಲಸಕ್ಕೆ ಸೇರಿದ ಇಬ್ಬರು ಹೆಣ್ಣುಮಕ್ಕಳು ಮನೆಗೆ ಬಂದು, ‘ಮೇಡಂ, ನಿಮ್ಮ ಕಾಲದ ಅನುಭವ ಬರೆದಿಡಿ’ ಎಂದರು. ಬಡ್ತಿ ಯಾವಾಗ ಬಂತು, ಯಾವ ಸಾಹೇಬರು ಶಾಲು ಹೊದಿಸಿದರು ಎನ್ನುವುದು ಅವರಿಗೂ ಬೇಡ, ನನಗೂ ಬೇಡ. ಅವರು ಕಂಪ್ಯೂಟರಿನಲ್ಲಿ ಪ್ರಾಣಿಯನ್ನು ಗರಗರ ತಿರುಗಿಸಿ ನೋಡಿ, ಯಂತ್ರದಿಂದ ಪದರ ಪದರವಾಗಿ ತೆಗೆಸುವವರು. ನನಗೆ ಹೊಟ್ಟೆಕಿಚ್ಚಿಲ್ಲ. ರೆಸಿನ್ ಅಂಟಿನ ವಾಸನೆಗೆ ತಲೆ ಸಿಡಿಯುವುದು, ಫೈಬರ್ ಎಳೆ ಚುಚ್ಚಿ ಕುತ್ತಿಗೆಯೆಲ್ಲ ನವೆಯಾಗುವುದು ಅವರಿಗೆ ತಪ್ಪಿತಲ್ಲ, ಅಷ್ಟೇ ಸಾಕು. ಆದರೂ ಅವರಿಗೆ ಹೇಳಬೇಕಾದ ಒಂದು ಪ್ರಾಣಿಯ ಕಥೆ ನನ್ನಲ್ಲಿದೆ.

ನನಗೆ ಕೆಲಸ ಕಲಿಸಿದವರು ಮಾದಪ್ಪ ಮೇಷ್ಟ್ರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ. ನಮ್ಮ ವಿಭಾಗದ ಹಿರಿಯ ಶಿಲ್ಪಿಯಾದ್ದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದರು. ಸರಗೂರು ಕಡೆಯ ಒಕ್ಕಲು ಮನೆಯವರು. ಸೇರಿದ ಹೊಸದರಲ್ಲಿ ಅವರು ನನ್ನಿಂದ ಮಾಡಿಸಿದ್ದು ಬರೀ ಕಿವಿ. ಜಿಂಕೆಯ ಕಿವಿ, ಕರಡಿಯ ಕಿವಿ, ಮೊಲದ ಕಿವಿ. ಬೇಸರ ಬಂದು ಒಂದು ದಿನ ಕೇಳಿಯೇಬಿಟ್ಟೆ, ‘ಮೇಷ್ಟ್ರೇ, ಉಳಿದ ಪ್ರಾಣಿ ಯಾವಾಗ?’

‘ಕಿವಿ ಕೇಳುಸ್ಕೊಂಡಂಗೆ ಕಾಣ್ಬೇಕು ಕಣಮ್ಮ. ನಿನ್ನವು ಕಿವುಡು ಕಿವಿ. ಇನ್ನೊಂದಷ್ಟು ಮಾಡು’ ಅಂದರು.

ಒಳ್ಳೆಯ ಮನುಷ್ಯ, ಆದರೆ ಮೂಗಿನ ತುದಿಯಲ್ಲಿ ಕೋಪ. ಹಿಂದೊಮ್ಮೆ ನಮ್ಮ ಮೇಲಧಿಕಾರಿಯೊಬ್ಬರಿಗೆ ಮೇಷ್ಟ್ರು ಮಾಡಿದ ಹುಲಿ ಸಪ್ಪೆ ಅನ್ನಿಸಿತು. ನೀರು ಕುಡಿದು ತಲೆ ಎತ್ತಿ ನೋಡುತ್ತಿದ್ದ ಹುಲಿ ಅದು. ಮೇಷ್ಟ್ರು ರಜೆಯಲ್ಲಿದ್ದಾಗ ಸಾಹೇಬರು ಹೊರಗಿನ ಪೇಂಟರನ್ನು ಕರೆಸಿ, ಬಾಯೊಳಗೆಲ್ಲ ಕೆಂಪು ಬಳಿಸಿ, ಕಣ್ಣಿಗೂ ಕೆಂಪು ಗೆರೆ ಎಳೆಸಿಬಿಟ್ಟರು. ಮೇಷ್ಟ್ರು ಬಂದು ನೋಡಿದರು. ಉಳಿ, ಕಡ್ಡಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದವರು ಆ ಮಳೆಗಾಲ ಪೂರ್ತಿ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಸಾಹೇಬರೇ ಮನೆಗೆ ಹೋಗಿ ಕೂತು, ಬಳಿಸಿದ್ದನ್ನು ಕೆರೆಸುತ್ತೇನೆಂದು ಒಪ್ಪಿಕೊಂಡ ಮೇಲೆ ವಾಪಸು ಬಂದರು.

ಇದನ್ನು ಯಾಕೆ ಹೇಳಿದೆನೆಂದರೆ, ಅವರ ಕೆಲಸದ ಬಗ್ಗೆ ಅವರಿಗೆ ಏನಾದರೂ ಹೇಳುವುದೆಂದರೆ ನಮಗೆಲ್ಲ ಹೆದರಿಕೆಯಿತ್ತು. ನನ್ನ ಪಾಲಿಗೆ ಆ ಸರದಿ ಬಂದದ್ದು ಅವರ ನಿವೃತ್ತಿ ಸಮೀಪಿಸಿದಾಗ.

ಹಿಮಾಲಯದ ಪ್ರಾಣಿಗಳಿಗೆಂದು ಹೊಸದೊಂದು ಕೋಣೆ ಆಗುತ್ತಿತ್ತು. ಅದರ ಮುಖ್ಯ ಪ್ರಾಣಿ ಮಾರ್ಖೋರ್, ಕಾಶ್ಮೀರದ ಕಡೆಯ ಕಡಿದಾದ ಬೆಟ್ಟಗಳಲ್ಲಿರುವ ಕಾಡುಮೇಕೆ. ಮೊಣಕಾಲು ಮುಟ್ಟುವಂಥ ಗಡ್ಡ, ತಲೆಯ ಮೇಲೆ ತಿರುಚಿ ತಿರುಚಿ ಮೇಲೇರಿದ ಎರಡು ಕೊಂಬು. ಹಾವು ತಿನ್ನುವುದು ಎಂದು ಆ ಹೆಸರಿಗೆ ಅಲ್ಲಿಯವರು ಅರ್ಥ ಹೇಳುತ್ತಾರಂತೆ. ಪಾಪ, ಅದು ತಿನ್ನುವುದು ಸೊಪ್ಪು, ಹುಲ್ಲು. ಇದೇ ತಮ್ಮ ಕೊನೆಯ ಕೆಲಸ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದ್ದೇ ನೋಡಿದ್ದು. ‘ಇದು ಮೇಕೆನಾ? ಯಾವ್ದೋ ಪಾಳೇಗಾರ ಇದ್ದಂಗೆ ಅವ್ನೆ’ ಎಂದು ನಕ್ಕರು.

ಆ ಸಂಜೆ ಮನೆಯಲ್ಲಿ ಮುದ್ದೆ ಬಡಿಸುತ್ತಾ ಈ ಸುದ್ದಿ ಹೇಳಿದೆ. ನಮ್ಮ ಯಜಮಾನರು ಸೇನೆಯಲ್ಲಿದ್ದವರು. ಕಾಶ್ಮೀರದ ಗಡಿಯ ಹತ್ತಿರ ಬೆಟ್ಟದ ಮೇಲಿನ ಠಾಣೆಯಲ್ಲಿ ಚಳಿಗಾಲ ಕಳೆದು ಬಂದು, ಆಮೇಲೆ ಸರಸ್ವತಿಪುರಂನಲ್ಲಿ ಟ್ಯುಟೋರಿಯಲ್ ಹುಡುಗರಿಗಾಗಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದರು. ಅಲ್ಲಿ ಹೇಗಿತ್ತು ಎಂದು ಯಾರೇ ಕೇಳಿದರೂ ‘ಚಳಿ ಇತ್ತು’ ಅನ್ನುವುದೊಂದೇ ಅವರ ಉತ್ತರ. ಅವತ್ತು ಮಾತ್ರ ಉಪ್ಸಾರಿನಲ್ಲಿ ಅದ್ದಿದ ಕೈ ಅಲ್ಲೇ ನಿಂತಿತು.

‘ಅದನ್ನ ನಾನು ನೋಡಿದೀನಿ ಕಣೇ’ ಅಂದರು.

‘ಎಲ್ಲಿ? ಟೀವೀಲಾ?’

‘ಥೂ, ಟೀವಿ ಅಂತೆ. ಮೇಲೆ ಹಿಮ ಬಿದ್ರೆ ಅವು ಕೆಳಗಿಳಿದು ಬರ್ತವೆ. ನಮ್ಮ ಪೋಸ್ಟ್ ಎದುರಿಗೇ ಒಂದು ಬಂಡೆ, ಗೋಡೆ ನಿಲ್ಲಿಸಿದ ಹಾಗೆ. ಅದರ ಮಧ್ಯೆ ಊಟದ ತಟ್ಟೆಯಷ್ಟು ಜಾಗ. ನಾಲ್ಕೂ ಗೊರಸನ್ನ ಅಲ್ಲೇ ಒತ್ತಟ್ಟಿಗೆ ಇಟ್ಕೊಂಡು ನಿಂತಿರೋದು. ಗಾಳಿ ಬೀಸಿದ್ರೆ ಗಡ್ಡ ಒಂದು ಕಡೆಗೆ ಹಾರೋದು, ಅದು ಮಾತ್ರ ಅಲ್ಲಾಡ್ತಿರಲಿಲ್ಲ. ನಾವು ಹಗ್ಗ ಕಟ್ಕೊಂಡು ಹೋಗೋಕೂ ಹೆದರೋ ಕಡೆ ಹಿಂಗಾಲ ಮೇಲೆ ಎದ್ದು ನಿಂತು ಎಲೆ ಕಿತ್ಕೊಂಡು ಮೆಲ್ಲೋದು.’

‘ಬಂದೂಕು ಹಿಡಿದವರನ್ನ ಕಂಡು ಹೆದರ್ತಿರಲಿಲ್ವಾ?’

‘ನಮ್ಮನ್ನ ಅದು ಲೆಕ್ಕಕ್ಕೇ ಇಟ್ಕೊಂಡಿರಲಿಲ್ಲ’ ಎಂದು ನಕ್ಕರು. ಆಮೇಲೆ ಗಂಡುಗಳು ಕೊಂಬಿಗೆ ಕೊಂಬು ಹೆಣೆದು ತಿರುಚಾಡುವುದು, ಅವುಗಳ ಕಾಲಡಿಯಿಂದ ಉರುಳಿದ ಕಲ್ಲು ಕೆಳಗಿನ ಹಳ್ಳದವರೆಗೂ ಸದ್ದು ಮಾಡುತ್ತಾ ಹೋಗುವುದು, ಎಲ್ಲವನ್ನೂ ಹೇಳಿದರು. ಮದುವೆಯಾದಾಗಿನಿಂದ ಅವರು ಒಂದೇ ಸಲ ಅಷ್ಟು ಮಾತಾಡಿದ್ದು ಅದೇ ಮೊದಲು. ನನಗೆ ಅವತ್ತೇ ಆ ಪ್ರಾಣಿಯ ಮೇಲೆ ಪ್ರೀತಿ ಬಂದುಬಿಟ್ಟಿತು.

ಮೊದಲು ಬಂಡೆ ಆಗಬೇಕಿತ್ತು. ನಾವು ಮೈಸೂರಿನವರು, ಬೆಟ್ಟ ಅಂದರೆ ನಮಗೆ ಚಾಮುಂಡಿ ಬೆಟ್ಟ. ಅನುಮತಿ ಪಡೆದು ಪ್ಲಾಸ್ಟರ್ ಚೀಲಗಳನ್ನು ಹೊತ್ತುಕೊಂಡು ಹೋಗಿ ಬೆಟ್ಟದ ಹಿಂಬದಿಯ ಬಂಡೆಗಳ ಮೇಲೆ ಮೆತ್ತಿ ಅಚ್ಚು ತೆಗೆದೆವು. ಮೆಟ್ಟಿಲು ಹತ್ತಿ ಬಂದಿದ್ದ ಅಜ್ಜಿಯೊಬ್ಬರು ನಮ್ಮನ್ನು ಹುಡುಕಿಕೊಂಡು ಬಂದು, ‘ಯಾವ ದೇವ್ರು ಕಟ್ತಾ ಇದೀರಪ್ಪ?’ ಎಂದು ವಿಚಾರಿಸಿದರು. ನಾವು ಟೀ ಕುಡಿದು ಬರುವಷ್ಟರಲ್ಲಿ ಹಸಿ ಪ್ಲಾಸ್ಟರಿನ ಮೇಲೆ ಕುಂಕುಮ, ಎರಡು ಕಣಗಿಲೆ ಹೂವು. ಆ ಕುಂಕುಮದ ಕಲೆ ಅಚ್ಚಿನಲ್ಲಿ ಕೊನೆಯವರೆಗೂ ಹೋಗಲಿಲ್ಲ.

ಮೇಕೆಯ ಮೈ ಮಣ್ಣಿನಲ್ಲಿ ಏಳತೊಡಗಿತು. ಗಿಡ್ಡನೆ ಗಟ್ಟಿ ಕಾಲು, ಅಗಲ ಎದೆ, ಬೆನ್ನಿನ ಮೇಲೆ ಕೂದಲ ಸಾಲು. ಗೊರಸು ಮಾಡಿದವಳು ನಾನು. ಅಂಚು ಗಟ್ಟಿಯಾಗಿ ಕಲ್ಲಿನ ಬಿರುಕಿಗೆ ಕಚ್ಚಿಕೊಳ್ಳಬೇಕು, ನಡುವಿನ ಭಾಗ ಮೆತ್ತಗೆ ಬಂಡೆಗೆ ಅಂಟಬೇಕು. ಆ ಎರಡೂ ನೋಡುವವರ ಕಣ್ಣಿಗೆ ತಿಳಿಯಬೇಕು. ಕೊಂಬನ್ನು ಮಾತ್ರ ಮೇಷ್ಟ್ರು ಯಾರಿಗೂ ಮುಟ್ಟಗೊಡಲಿಲ್ಲ. ಚಿತ್ರಗಳೆಲ್ಲ ಎದುರಿನಿಂದಲೋ ದೂರದಿಂದಲೋ ತೆಗೆದವು. ಇನ್ನೂ ಒಳ್ಳೆಯವನ್ನು ಹುಡುಕಿಸಲೇ ಅಂದರೆ, ‘ಕೊಂಬು ನಂಗೊತ್ತು ಬುಡಮ್ಮ’ ಎಂದು ಕೈ ಬೀಸಿದರು. ಚಿತ್ರದ ಕಡೆ ತಿರುಗಿಯೂ ನೋಡದೆ, ಹೆಬ್ಬೆರಳಿನಿಂದ ಒತ್ತುತ್ತಾ ಒತ್ತುತ್ತಾ ಬುಡದಿಂದ ತುದಿಯವರೆಗೆ ತಿರುಚಿಕೊಂಡು ಹೋದರು. ಕಣ್ಣಿಗೆ ಹಬ್ಬ. ಎರಕವೂ ಆಯಿತು, ಬಣ್ಣವೂ ಆಯಿತು, ಬಂಡೆಯ ಮೇಲೆ ನಿಲ್ಲಿಸಿದ್ದೂ ಆಯಿತು. ಆ ಹೊತ್ತಿಗೆ ಬಂದಿದ್ದ ಹೊಸ ಸಾಹೇಬರು ನೋಡಿ ಮೇಷ್ಟ್ರ ಬೆನ್ನು ತಟ್ಟಿದರು.

ಒಂದು ಮಧ್ಯಾಹ್ನ ಯಜಮಾನರು ನನ್ನ ಊಟದ ಡಬ್ಬಿ ಕೊಡಲು ಬಂದರು. ಮೇಷ್ಟ್ರು ಇರಲಿಲ್ಲ. ಕರೆದುಕೊಂಡು ಹೋಗಿ ತೋರಿಸಿದೆ. ಮೊದಲು ಬಂಡೆ ನೋಡಿ ಜೋರಾಗಿ ನಕ್ಕರು. ‘ಇದು ನಮ್ಮ ಬೆಟ್ಟ ಅಲ್ವೇನೇ? ಅಲ್ಲಿ ಇಷ್ಟು ದುಂಡಗೆ ಎಲ್ಲಿರ್ತವೆ, ಎಲ್ಲ ಸೀಳಿದ ಹಾಗೆ ಚೂಪಾಗಿರ್ತವೆ.’ ಅದಕ್ಕೆ ನಾನೂ ನಕ್ಕೆ. ಬಂಡೆಯನ್ನು ಒಡೆದು ಚೂಪು ಮಾಡುವುದು ದೊಡ್ಡ ಕೆಲಸವಲ್ಲ. ಆಮೇಲೆ ತಲೆ ಎತ್ತಿ ಮೇಕೆಯನ್ನು ನೋಡಿದರು. ನಗು ನಿಂತಿತು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು.

‘ಎಲ್ಲಾ ಅದೇ. ಆದ್ರೆ ಅದಲ್ಲ’ ಅಂದರು.

‘ಏನು ತಪ್ಪಾಗಿದೆ?’

‘ಗೊತ್ತಾಗ್ತಿಲ್ಲ ಕಣೇ. ತಲೆ ಹತ್ರ ಏನೋ. ಊರ ಮೇಕೆ ಅನ್ನಿಸ್ತದೆ.’

ಊರಿನ ಒಂದು ಹಳೆಯ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಯಾರೋ ಹಿಂದೆ ದಾನ ಕೊಟ್ಟ, ಒಳಗೆ ತುಂಬಿಸಿಟ್ಟ ಪ್ರಾಣಿಗಳ ತಲೆಗಳು ಬೀರುವಿನ ಮೇಲೆ ಬಿದ್ದಿವೆ ಎಂದು ಕೇಳಿದ್ದೆ. ಮಾರನೆಯ ದಿನ ಹೋಗಿ ವಿಚಾರಿಸಿದೆ. ಇದ್ದವು. ಅವುಗಳ ನಡುವೆ ದೂಳು ತಿಂದು, ಒಂದು ಗಾಜಿನ ಕಣ್ಣು ಕಳೆದುಕೊಂಡ ಮಾರ್ಖೋರ್ ತಲೆ. ಮೇಜು ಹತ್ತಿ ನಿಂತು ಕೊಂಬು ಮುಟ್ಟಿದೆ. ಅದರ ಮುಂಭಾಗದಲ್ಲಿ ಕತ್ತಿಯ ಅಲಗಿನಂಥ ಒಂದು ಏಣು ಬುಡದಿಂದಲೇ ಶುರುವಾಗುತ್ತದೆ. ಅದರ ಮೇಲೆ ಹೆಬ್ಬೆರಳಿಟ್ಟು ಮೇಲಕ್ಕೆ ಎಳೆದೆ. ಏಣು ಹಣೆಯ ಕಡೆಗೆ ಬರಲಿಲ್ಲ. ಹೊರಕ್ಕೆ ತಿರುಗಿ ಕಿವಿಯ ಕಡೆ ಹೋಯಿತು. ಇನ್ನೊಂದು ಕೊಂಬೂ ಹಾಗೆಯೇ. ಮೇಷ್ಟ್ರ ಕೊಂಬಿನ ಏಣು ಒಳಕ್ಕೆ ತಿರುಗಿತ್ತು. ಸಾಕಿದ ಮೇಕೆಗಳಲ್ಲಿ ತಿರುಚು ಕೊಂಬಿನವು ಇರುತ್ತವಲ್ಲ, ಅವುಗಳದ್ದು ಹಾಗೆ ಒಳಕ್ಕೆ ತಿರುಗುತ್ತದೆ. ಕಾಡಿನ ಇದರದ್ದು ಅದಕ್ಕೆ ತೀರ ಉಲ್ಟಾ.

ಹೇಳಿದರೆ ಮೇಷ್ಟ್ರು ಉಳಿ ಕಟ್ಟಿಕೊಂಡು ಎದ್ದು ಹೋಗುತ್ತಾರೆ, ಈ ಸಲ ಹೋದರೆ ವಾಪಸು ಬರಲು ದಿನಗಳೇ ಉಳಿದಿಲ್ಲ. ಇಷ್ಟು ವರ್ಷ ದುಡಿದವರು ಮುನಿಸಿಕೊಂಡು ಮನೆಗೆ ಹೋದಂತಾಗುತ್ತದೆ. ಹೇಳದಿದ್ದರೆ ಅವರ ಹೆಸರು ಹೊತ್ತು ನಿಲ್ಲುವ ಕೊನೆಯ ಪ್ರಾಣಿ, ಬರುವ ಮಕ್ಕಳಿಗೆಲ್ಲ, ಅದಲ್ಲದ್ದಾಗಿಯೇ ಕಾಣುತ್ತಿರುತ್ತದೆ.

ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಬರಲೇ ಇಲ್ಲ. ‘ಮೇಷ್ಟ್ರೇ, ಒಂದು ಕಡೆ ಬರ್ತೀರಾ?’ ಎಂದು ಆಟೋ ಹತ್ತಿಸಿ ಆ ಕಾಲೇಜಿಗೇ ಕರೆದುಕೊಂಡು ಹೋದೆ. ಅಲ್ಲಿನವರು ತಲೆಯನ್ನು ಇಳಿಸಿ ಮೇಜಿನ ಮೇಲಿಟ್ಟಿದ್ದರು. ಮೇಷ್ಟ್ರು ಖುಷಿಯಿಂದ ದೂಳು ಒರೆಸಿ ಬುಡಕ್ಕೆ ಹೆಬ್ಬೆರಳು ಇಟ್ಟರು. ಸ್ವಲ್ಪ ಮೇಲಕ್ಕೆ ಹೋದದ್ದೇ ಬೆರಳು ನಿಂತಿತು. ವಾಪಸು ಬುಡಕ್ಕೆ ತಂದರು, ಮತ್ತೆ ಎಳೆದರು. ಮತ್ತೊಮ್ಮೆ. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡು ಹೊರಗೆ ನಡೆದರು.

ದಾರಿಯಲ್ಲಿ ಕೇಳಿದ್ದು ಒಂದೇ ಮಾತು. ‘ಯಾರ್ಗಾದ್ರೂ ಹೇಳಿದೀಯಾ?’

‘ಇಲ್ಲ ಮೇಷ್ಟ್ರೇ.’

‘ಸಾಹೇಬ್ರಿಗೆ ನಾನೇ ಹೇಳ್ತೀನಿ.’

ಹೇಳಿದರು. ಸಾಹೇಬರು ಕೆಟ್ಟವರಲ್ಲ, ಉದ್ಘಾಟನೆಯ ಗಡಿಬಿಡಿಯಲ್ಲಿದ್ದರು ಅಷ್ಟೇ. ‘ಬಿಡಿ ಮಾದಪ್ಪನವರೇ, ಯಾರು ಗಮನಿಸ್ತಾರೆ? ಅಷ್ಟು ಬೇಕು ಅಂದ್ರೆ ಎಡದ್ದನ್ನ ಬಲಕ್ಕೆ, ಬಲದ್ದನ್ನ ಎಡಕ್ಕೆ ಹಾಕಿ, ಮುಗೀತು’ ಅಂದರು. ಅದೂ ಒಂದು ಉಪಾಯವೇ ಅನ್ನಿಸಿ ಕಿತ್ತು ಅದಲು ಬದಲು ಮಾಡಿ ನಿಲ್ಲಿಸಿದೆವು. ತಿರುವೇನೋ ಸರಿಹೋಯಿತು. ಆದರೆ ಹಿಂದಕ್ಕೆ ಬಾಗಬೇಕಾದ ಕೊಂಬು ಮುಂದಕ್ಕೆ ಬಾಗಿ, ತನ್ನ ಮೂಗನ್ನು ತಾನೇ ತಿವಿದುಕೊಳ್ಳಲು ಹೊರಟ ಮೇಕೆಯ ಹಾಗೆ ಕಂಡಿತು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು, ಮೇಷ್ಟ್ರ ಮುಖ ನೋಡಿ ನುಂಗಿಕೊಂಡೆ.

ಅವರು ಹೊಸ ಮಣ್ಣು ಕಲಸಿ ಕೂತರು. ಒತ್ತಿದರು, ತಿರುಚಿದರು, ನೋಡಿದರು, ಮುದ್ದೆ ಮಾಡಿ ಎಸೆದರು. ಮತ್ತೆ ಶುರು ಮಾಡಿದರು. ಕಣ್ಣಿಟ್ಟು ಮಾಡುವಾಗ ಏಣು ಹೊರಕ್ಕೆ ಹೋಗುತ್ತಿತ್ತು. ಸ್ವಲ್ಪ ಮೈಮರೆತರೆ ಹೆಬ್ಬೆರಳು ಒಳಕ್ಕೇ ತಿರುಗಿಕೊಳ್ಳುತ್ತಿತ್ತು. ಸಂಜೆಯ ಹೊತ್ತಿಗೆ ಕೈ ತೊಳೆದುಕೊಂಡು ಎದ್ದರು.

‘ಕೈ ಕೇಳ್ತಾ ಇಲ್ಲ ಕಣಮ್ಮ. ನೀನು ಮಾಡು.’

ಅಷ್ಟು ಹೇಳಿ, ಕಿತ್ತಿದ್ದ ಕೊಂಬುಗಳೆರಡನ್ನೂ ಗೋಣಿಚೀಲಕ್ಕೆ ಹಾಕಿಕೊಂಡು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಮಾಡಿದರೆ ಎತ್ತುವವರಿಲ್ಲ. ‘ಏನಂದ್ರಿ ರತ್ನಮ್ಮ ನೀವು ಅವರಿಗೆ?’ ಎಂದು ಸಾಹೇಬರು ನನ್ನನ್ನೇ ಕೇಳಿದರು. ನಾನು ಕಾಲೇಜಿಗೂ ಮ್ಯೂಸಿಯಂಗೂ ಓಡಾಡಿ, ಹಳೆಯ ತಲೆಯನ್ನು ಮುಟ್ಟಿ ಮುಟ್ಟಿ ಬಂದು ಕೊಂಬು ಮಾಡಿದೆ. ಕೈ ಮಣ್ಣಿನಲ್ಲಿತ್ತು, ಮನಸ್ಸು ಮಾತ್ರ ಖಾಲಿ ಬಿದ್ದಿದ್ದ ಅವರ ಮಣೆಯ ಮೇಲೆ. ನನ್ನ ತಂದೆ ತೀರಿಹೋದಾಗಲೂ ಅಷ್ಟು ಒಂಟಿ ಅನ್ನಿಸಿರಲಿಲ್ಲ. ಎರಕ ಹೊಯ್ದು, ಎಮ್ರಿ ಪೇಪರಿನಿಂದ ಉಜ್ಜಿ, ಕೂರಿಸಿದೆ. ಚೆನ್ನಾಗಿದೆ ಎಂದು ಎಲ್ಲರೂ ಅಂದರು. ಅದನ್ನು ಹೇಳಬೇಕಾದವರು ಇರಲಿಲ್ಲ.

ಭಾನುವಾರ ಯಜಮಾನರನ್ನು ಹೊರಡಿಸಿಕೊಂಡು ಸ್ಕೂಟರಿನಲ್ಲಿ ಮೇಷ್ಟ್ರ ಮನೆಗೆ ಹೋದೆ. ಊರಾಚೆಯ ಬಡಾವಣೆಯಲ್ಲಿ ಮನೆ. ಕಾಲಿಗೆ ಬಿದ್ದಾದರೂ ಕರೆತರಬೇಕೆಂದುಕೊಂಡಿದ್ದೆ. ಅವರ ಮನೆಯಾಕೆ ಬಾಗಿಲು ತೆಗೆದು, ‘ಇತ್ಲಲ್ಲವ್ರೆ ಓಗಿ. ಊಟಕ್ಕೂ ಏಳ್ತಿಲ್ಲ, ಫೋನೂ ಎತ್ತಾಕಿಲ್ಲ ಅಂತಾರೆ’ ಎಂದು ದೂರು ಹೇಳಿದರು.

ಹಿತ್ತಲಲ್ಲಿ ಟಾರ್ಪಾಲು ಕಟ್ಟಿತ್ತು. ಅದರ ಕೆಳಗೆ ಮೇಷ್ಟ್ರು, ಮೊಣಕೈವರೆಗೆ ಮಣ್ಣು. ಅವರ ಮುಂದೆ ಒಂದು ಹೋತ ನಿಂತಿತ್ತು. ಮಣ್ಣಿನದ್ದು ಎಂದು ತಿಳಿಯಲು ನನಗೇ, ಇದೇ ಕೆಲಸದವಳಿಗೇ, ಒಂದು ಗಳಿಗೆ ಹಿಡಿಯಿತು. ನಮ್ಮ ಕಡೆಯ ಸಾಮಾನ್ಯ ಹೋತ. ಮುಂಗಾಲೊಂದನ್ನು ಕಲ್ಲಿನ ಮೇಲಿಟ್ಟು, ಎಟುಕದ ಯಾವುದೋ ಸೊಪ್ಪಿಗೆ ಕತ್ತು ಚಾಚಿದೆ. ಒಂದು ಕಿವಿ ಹಿಂದಕ್ಕೆ ತಿರುಗಿದೆ, ಯಾರೋ ಬೈಯುತ್ತಾ ಬರುವುದನ್ನು ಕೇಳಿಸಿಕೊಂಡ ಹಾಗೆ. ತಲೆಯ ಮೇಲೆ ಆ ಎರಡು ಕೊಂಬು. ಎಷ್ಟು ಸರಿಯಾಗಿ ಕೂತಿದ್ದವೆಂದರೆ, ಅವು ಬೇರೆಲ್ಲೋ ಇದ್ದವೆಂಬುದೇ ಮರೆತುಹೋಯಿತು.

‘ಕೊಂಬು ಸರಿಯಾಗೇ ಇತ್ತು ಕಣಮ್ಮ. ಇಟ್ಟ ತಲೆ ತಪ್ಪಾಗಿತ್ತು’ ಅಂದರು ಮೇಷ್ಟ್ರು. ‘ಇದು ನಮ್ಮನೇದು. ನಾನು ನಡಿಯಾಕೆ ಕಲ್ತಿದ್ದೇ ಇದರ ಕೊಂಬು ಇಡ್ಕೊಂಡು ಅಂತ ನಮ್ಮವ್ವ ಏಳೋಳು. ಅದ್ಕೇ ಈ ಕೈ ಬ್ಯಾರೆ ಕಡೀಕೆ ತಿರುಗಾಕೆ ಒಲ್ಲೆ ಅಂತದೆ.’

‘ಸಿಟ್ಟಿಲ್ವಾ ಮೇಷ್ಟ್ರೇ?’ ಎಂದಷ್ಟೇ ಕೇಳಿದೆ.

‘ಇತ್ತು. ಆಟೋದಿಂದ ಇಳಿಯೋಗಂಟ ಇತ್ತು. ನೀನು ಬಾಯಲ್ಲಿ ಏಳಿದ್ರೆ ನಾನು ನಂಬ್ತಿರನಿಲ್ಲ, ಜಗಳ ಆಡ್ಬುಟ್ಟು ಓಗ್ತಿದ್ದೆ. ನೀನು ಬೆರಳಿಗೇ ಏಳ್ಬುಟ್ಟೆ. ಇನ್ನೇನು ಮಾಡದು?’ ಎಂದು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದರು. ‘ನಡಿ, ನಿಂದು ನೋಡಾನ.’

ಆ ಹೋತ ಈಗ ಫೈಬರಿನಲ್ಲಿ ಎರಕವಾಗಿ ಹಿಮಾಲಯದ ಕೋಣೆಯ ಬಾಗಿಲಲ್ಲೇ ಇದೆ. ಗಾಜಿಲ್ಲ, ಮಕ್ಕಳು ಮುಟ್ಟಲಿ ಎಂದೇ ಹೊರಗಿಟ್ಟಿದ್ದೇವೆ. ಅದರ ಕೊಂಬಿನ ಮೇಲೆ ಬೆರಳಾಡಿಸಿ ಒಳಗೆ ಹೋಗಿ ಮಾರ್ಖೋರನ್ನು ನೋಡಿದರೆ ಒಂದು ಒಳಕ್ಕೆ, ಒಂದು ಹೊರಕ್ಕೆ ಎಂದು ಯಾರೂ ಹೇಳಿಕೊಡದೆ ತಿಳಿಯುತ್ತದೆ. ನಿವೃತ್ತಿಯವರೆಗೂ ಅದರ ಕೊಂಬಿಗೆ ವರ್ಷ ವರ್ಷ ಬಣ್ಣ ಹಚ್ಚುತ್ತಿದ್ದವಳು ನಾನೇ.

ಆದರೆ ಆ ಭಾನುವಾರ ಅದೆಲ್ಲ ಇನ್ನೂ ಆಗಿರಲಿಲ್ಲ. ಮ್ಯೂಸಿಯಂನ ಹಿಂಬಾಗಿಲು ತೆಗೆಸಿ ಮೂವರೂ ಒಳಗೆ ಹೋದೆವು. ಯಜಮಾನರು ಮಾರ್ಖೋರನ್ನು ಕಂಡವರೇ ದೂರದಲ್ಲೇ ನಿಂತುಬಿಟ್ಟರು, ಹತ್ತಿರ ಬರಲೇ ಇಲ್ಲ. ಮೇಷ್ಟ್ರು ಬಂಡೆ ಹತ್ತಿ ಅದರ ಪಕ್ಕ ನಿಂತು ಕಣ್ಣು ಮುಚ್ಚಿದರು. ನನ್ನ ಕೊಂಬಿನ ಬುಡಕ್ಕೆ ಹೆಬ್ಬೆರಳಿಟ್ಟು ಮೇಲಕ್ಕೆ ಎಳೆಯತೊಡಗಿದರು. ನಾನು ಅವರ ಕೈ ನೋಡಲಿಲ್ಲ, ಮುಖ ನೋಡುತ್ತಿದ್ದೆ. ಹುಬ್ಬು ಗಂಟಿಕ್ಕಿತು. ಬೆರಳು ನಿಲ್ಲುತ್ತಿತ್ತು, ತಡವರಿಸುತ್ತಿತ್ತು, ಮತ್ತೆ ಮುಂದೆ ಹೋಗುತ್ತಿತ್ತು. ಎಲ್ಲೋ ತಪ್ಪಿದ್ದೇನೆ ಅಂದುಕೊಂಡೆ. ತುದಿ ಸಿಕ್ಕ ಮೇಲೆ ಕಣ್ಣು ಬಿಟ್ಟರು.

‘ಇದು ಮುಂದಕ್ಕೆ ಎತ್ಲಾಗೆ ಓಯ್ತದೆ ಅಂತ ನನ್ನ ಕೈಗೆ ಒಂದು ಕಡೇನೂ ಗೊತ್ತಾಗ್ನಿಲ್ಲ ಕಣಮ್ಮ’ ಅಂದರು. ‘ಅಂದ್ಮೇಲೆ ಇದು ನಮ್ಮನೇದಲ್ಲ. ಸರಿಯಾಗೈತೆ.’

ಅಲ್ಲಿಯೇ ನಿಂತು ಅತ್ತುಬಿಟ್ಟೆ.